ಉಂಡ ತಟ್ಟೆ ಯಾರೆತ್ತಬೇಕು? ಗಂಡುಮಗನನ್ನು ಬೆಳೆಸುವವರಿಗೆ ಒಂದಿಷ್ಟು ದಾರಿ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮನೆಯವರ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ದಾವಣಗೆರೆಯಲ್ಲಿ ಸಂಜೆ ಹೊತ್ತು ಬಂದವರಿಗೆ ಇನ್ನೇನು ಕೊಡುತ್ತೇವೆ, ನರ್ಗಿಸ್ ಮಂಡಕ್ಕಿ, ಬಿಸಿ ಮಿರ್ಚಿ, ಮೇಲೊಂದು ಚಾ. ತಿಂದಾದ ಮೇಲೆ 13 ವರ್ಷದ ನನ್ನ ಮಗ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಸಿಂಕಿನ ಕಡೆ ಹೊರಟ. ಬಂದವರಿಗೆ ಕಸಿವಿಸಿಯಾಯಿತು. "ಏ ಬಿಡೋ ತಮ್ಮಾ, ಮನ್ಯಾಗೆ ಹೆಣ್ಮಕ್ಳು ಇಲ್ಲೇನು?" ಅಂದರು. "ಇದಾಳೆ ಅಂಕಲ್, ಅಕ್ಕ ಓದ್ಕಂತಿದಾಳೆ" ಅಂದ ಇವನು, ನಲ್ಲಿ ತಿರುಗಿಸಿದ. ಅವರು ನನ್ನ ಕಡೆ ತಿರುಗಿ, "ಏನ್ರೀ ಅಕ್ಕಾರೆ, ಮಗನ್ನ ಮನೆ ಅಳಿಯನ್ನಾಗಿ ಕೊಡೋ ಯೋಚನೆನಾ?" ಅಂತ ನಕ್ಕರು.

ನಾನೂ ನಕ್ಕೆ. ಒಳ್ಳೆಯ ಮನುಷ್ಯ, ಕೆಟ್ಟದ್ದಕ್ಕೆ ಅಂದದ್ದಲ್ಲ. ಆದರೆ ಇಂಥ ನಗುವಿನ ಮಾತುಗಳೇ ದಿನಕ್ಕೆರಡರಂತೆ ಹದಿನೈದು ವರ್ಷ ಕಿವಿಗೆ ಬಿದ್ದರೆ ಹುಡುಗ ಯಾವ ಪಾಠ ಕಲಿಯುತ್ತಾನೆ ಅನ್ನುವುದು ನನಗೆ ಗೊತ್ತು. ಹಾಗೆ ಕಲಿತ ಅಣ್ಣತಮ್ಮಂದಿರ ಜೊತೆಯೇ ನಾನು ಬೆಳೆದದ್ದು. ಎಂಟು ವರ್ಷದಿಂದ ನಮ್ಮ ಮನೆಯಲ್ಲಿ ಬೇರೆ ಥರ ಮಾಡಿ ನೋಡುತ್ತಿದ್ದೇವೆ. ಏನು ನಡೆಯಿತು, ಏನು ಕೆಟ್ಟಿತು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಾರ ಬರೆದಿಡಿ

ಮಗನನ್ನು ತಿದ್ದುವುದಕ್ಕೆ ಮುಂಚೆ ಮನೆಯ ಮಾತಿಗೆ ಕಿವಿ ಕೊಡಿ. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಅಡುಗೆಮನೆಯ ಮೊಳೆಗೆ ಸಿಕ್ಕಿಸಿ. ಗಂಡುಹುಡುಗ ಅನ್ನುವ ಒಂದೇ ಕಾರಣಕ್ಕೆ ಅವನಿಗೆ ಯಾರು ಏನು ಹೇಳಿದರು, ಏಳು ದಿನ ಬರೆಯಿರಿ. ಯಾರನ್ನೂ ತಿದ್ದಲು ಹೋಗಬೇಡಿ, ಬರೆಯಿರಿ ಅಷ್ಟೇ.

ಮಗನಿಗೆ 5 ವರ್ಷ ಇದ್ದಾಗ ನಾನು ಬರೆದ ಹಾಳೆಯಲ್ಲಿ ಇದ್ದ ಕೆಲವು: "ಗಂಡ್ಸಾಗಿ ಅಳ್ತೀಯೇನ್ಲೇ", "ಪೊರಕೆ ಕೆಳಗಿಡು, ನಿಂಗ್ಯಾಕದು", "ಹೆಣ್ಣಿಗ್ರಂಗೆ ಕನ್ನಡಿ ಮುಂದೆ ನಿಂತಿದಾನೆ ನೋಡು", "ಅಕ್ಕನ ಜೊತೆ ಅಂಗಡಿಗೆ ಹೋಗು, ನೀನು ಗಂಡಸು, ನೋಡ್ಕೋ". ಕೊನೆಯ ಮಾತು ನನ್ನದೇ. 5 ವರ್ಷದ ಪೋರ 8 ವರ್ಷದ ಅಕ್ಕನನ್ನು ಕಾಯಬೇಕಿತ್ತು! ವಾರದ ಕೊನೆಗೆ ಎಣಿಸಿದರೆ 23 ಮಾತು, ಅದರಲ್ಲಿ 9 ನನ್ನವು. ಅತ್ತೆಯವರದ್ದೇ ಜಾಸ್ತಿ ಇರುತ್ತದೆ ಅಂದುಕೊಂಡು ಶುರು ಮಾಡಿದ್ದೆ. ಅವರದ್ದು 6.

ಹಾಳೆ ತುಂಬಿದ ಮೇಲೆ ಒಂದೇ ಒಂದು ಮಾತನ್ನು ಆರಿಸಿ ಅದನ್ನು ಮೊದಲು ನಿಲ್ಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೋದರೆ ಮನೆಯಲ್ಲಿ ಬಾಯಿ ಬಿಡಲಿಕ್ಕೇ ಎಲ್ಲರೂ ಹೆದರುತ್ತಾರೆ. ಬಿಟ್ಟ ಮಾತಿನ ಜಾಗಕ್ಕೆ ಇನ್ನೊಂದು ಮಾತು ರೆಡಿ ಇರಲಿ. "ಗಂಡ್ಸು ಅಳಬಾರದು" ಬದಲು "ಎಲ್ಲಿ ನೋವಾಯ್ತು ತೋರ್ಸು". "ನೀನು ಗಂಡಸು, ಅಕ್ಕನ್ನ ನೋಡ್ಕೋ" ಬದಲು "ಇಬ್ರೂ ಕೈ ಹಿಡ್ಕಂಡು ಹೋಗಿ ಬರ್ರಿ".

ಅಡುಗೆಮನೆ: ಇಲ್ಲಿ ಅವಸರ ಬೇಡ

ನಮ್ಮ ಊರಿನ ಬೆಣ್ಣೆ ದೋಸೆ ಹೋಟೆಲುಗಳ ಕಾವಲಿ ಮುಂದೆ ನಿಂತವರು ಯಾರು? ಗಂಡಸರು. ಮದುವೆಮನೆಯ ಅಡುಗೆ ಭಟ್ಟರು ಗಂಡಸರು. ಮಾರ್ಕೆಟ್ಟಿನಲ್ಲಿ ಮೊಳದ ಲೆಕ್ಕದಲ್ಲಿ ಹೂ ಕಟ್ಟಿ ಮಾರುವವರಲ್ಲಿ ಗಂಡಸರಿದ್ದಾರೆ. ಹೆಂಗಸರು ಉಡುವ ಮೊಳಕಾಲ್ಮೂರು ರೇಷ್ಮೆ ಸೀರೆಯ ಮಗ್ಗದ ಮೇಲೆ ಹೆಚ್ಚಾಗಿ ಕೂತಿರುವುದು ಗಂಡಸು, ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುವುದು ಮನೆಯ ಹೆಂಗಸರು. ಅಂದಮೇಲೆ ಅಡುಗೆ, ಹೂವು, ಸೀರೆ ಯಾವುದೂ ಗಂಡಸಿನ ಕೈಗೆ ಒಗ್ಗದ ಕೆಲಸವಲ್ಲ. ಕೂಲಿ ಸಿಕ್ಕರೆ ಗಂಡಸಿನ ಕೆಲಸ, ಪುಕ್ಕಟೆಯಾದರೆ ಹೆಂಗಸಿನ ಕೆಲಸ, ಇಷ್ಟೇ ಲೆಕ್ಕ. ಮಗನಿಗೆ ಇದನ್ನು ಭಾಷಣ ಮಾಡಿ ಹೇಳಬೇಕಿಲ್ಲ. ಭಾನುವಾರ ದೋಸೆ ತಿನ್ನಲು ಹೋದಾಗ ಕಾವಲಿ ಹತ್ತಿರದ ಟೇಬಲ್ಲಿಗೆ ಕೂರಿಸಿ. ಹಿಟ್ಟು ಹರಡುವ ಕೈ, ಬೆಣ್ಣೆ ಹಾಕುವ ಲಯ ನೋಡಲಿ. ನನ್ನ ಮಗ ಅಡುಗೆಗೆ ಮನಸ್ಸು ಕೊಟ್ಟದ್ದು ಅಲ್ಲಿಂದ.

ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಬಂತು. ಗಂಡಸರ 88 ಅನ್ನುವುದು ಒಂದಿಷ್ಟಾದರೂ ಕೆಲಸ ಮಾಡುವವರ ಸರಾಸರಿ. ಏನೂ ಮಾಡದವರು ಆ ಲೆಕ್ಕದಲ್ಲೇ ಇಲ್ಲ.

ವಯಸ್ಸಿಗೆ ತಕ್ಕ ಹಾಗೆ ಕೆಲಸ ಕೊಡಿ. 3–4 ವರ್ಷಕ್ಕೆ ಕೊತ್ತಂಬರಿ ಬಿಡಿಸುವುದು, ಶೇಂಗಾ ಸುಲಿಯುವುದು, ತನ್ನ ತಟ್ಟೆ ತಾನೇ ಸಿಂಕಿಗೆ ಹಾಕುವುದು. 6–7ಕ್ಕೆ ಎಲ್ಲರಿಗೂ ತಟ್ಟೆ ಲೋಟ ಹಾಕಿ ನೀರಿಡುವುದು, ತನ್ನ ಹಾಸಿಗೆ ಮಡಚುವುದು. 8–9ಕ್ಕೆ ಅಕ್ಕಿ ಅಳೆದು ತೊಳೆದು ಕುಕ್ಕರಿಗೆ ನೀರು ಹಾಕುವುದು. 10ರ ಮೇಲೆ ದೊಡ್ಡವರು ಪಕ್ಕದಲ್ಲಿದ್ದಾಗ ಗ್ಯಾಸ್ ಹಚ್ಚಬಹುದು. 12–13ಕ್ಕೆ ಒಂದು ಅನ್ನ, ಒಂದು ಸಾರು, ಒಂದು ಪಲ್ಯ ಬರಬೇಕು. ಆಮೇಲೆ ಮುದ್ದೆ.

ಮುದ್ದೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ತವರು ಹೊಳಲ್ಕೆರೆ ಕಡೆ, ಅಲ್ಲಿ ಮುದ್ದೆ ಇಲ್ಲದ ಊಟ ಊಟವಲ್ಲ. ಮಗ ಮೊದಲ ಸಲ ಮುದ್ದೆಗೆ ಕೈ ಹಾಕಿದ್ದು ರಜೆಯಲ್ಲಿ, ಅಜ್ಜಿಯ ಮನೆಯಲ್ಲಿ. ನೀರು ಕುದಿ ಬಂತು, ಹಿಟ್ಟು ಸುರಿದ. ಸುರಿದ ಮೇಲೆ ಕೈಯಾಡಿಸಬಾರದು, ನಡುವೆ ಕೋಲು ಚುಚ್ಚಿ ನೀರು ಹಿಟ್ಟಿನ ಮೇಲೆ ಉಕ್ಕಿ ಬರುವ ತನಕ ಬಿಡಬೇಕು. ಇವನಿಗೆ ತಡೆಯಲಿಲ್ಲ, ತಿರುವಿಯೇ ಬಿಟ್ಟ. ಗೋಲಿ ಗಾತ್ರದ ಗಂಟುಗಳು, ಒಳಗೆ ಒಣ ಹಿಟ್ಟು. ನಮ್ಮವ್ವ ಏನೂ ಅನ್ನಲಿಲ್ಲ. ಒದ್ದೆ ಕೈಯಲ್ಲಿ ಗಂಟು ಒತ್ತಿ ಒಡೆಯುತ್ತಾ, "ನಾಳೆ ಮತ್ತೆ ಮಾಡು, ಈ ಸಲ ಕೋಲು ಬಿಟ್ಟು ಕೈ ಕಟ್ಕಂಡು ನಿಂತ್ಕ" ಅಂದಳು. ನಾಲ್ಕನೆಯ ದಿನ ಮುದ್ದೆ ಕೈಗೆ ಅಂಟಲಿಲ್ಲ. ಪಾತ್ರೆ ಅದುಮಿ ಹಿಡಿದು ಆರು ಜನಕ್ಕೆ ಮುದ್ದೆ ತೊಳಸಿದವರಿಗೆ ಗೊತ್ತು ರಟ್ಟೆ ಹೇಗೆ ಬೀಳುತ್ತದೆ ಅಂತ. ಬಲ ಬೇಕಾದ ಕೆಲಸವೆಲ್ಲ ಗಂಡಸರದ್ದು ಅನ್ನುವವರು ಇದೊಂದನ್ನು ಹೇಗೆ ಬಿಟ್ಟುಕೊಟ್ಟರೋ ನಾ ಕಾಣೆ.

ಅಡುಗೆಮನೆಯಲ್ಲಿ ನಾನು ಮಾಡಿದ ಮೂರು ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ.

"ಅಮ್ಮಂಗೆ ಹೆಲ್ಪ್ ಮಾಡು" ಅನ್ನುತ್ತಿದ್ದೆ. ಹಾಗಂದರೆ ಕೆಲಸ ಅಮ್ಮನದ್ದೇ, ಇವನು ಉಪಕಾರ ಮಾಡುತ್ತಿದ್ದಾನೆ ಅಂತಾಯಿತು. ಈಗ "ಇವತ್ತಿನ ಅನ್ನ ನಿಂದು" ಅನ್ನುತ್ತೇನೆ.

ಚೂರು ಚೂರು ಕೆಲಸ ಕೊಡುತ್ತಿದ್ದೆ. ಈರುಳ್ಳಿ ಹೆಚ್ಚು, ಉಪ್ಪು ತಾ, ಅಷ್ಟೇ. ತೊಗರಿಬೇಳೆ ಮುಗಿಯುತ್ತಾ ಬಂದಿದೆ ಅನ್ನುವುದು ಯಾರ ತಲೆಯಲ್ಲಿರಬೇಕು? ನನ್ನ ತಲೆಯಲ್ಲೇ. ಕೆಲಸ ಕೊಟ್ಟರೆ ಪೂರ್ತಿ ಕೊಡಿ, ಯೋಚನೆ ಸಮೇತ. ಸಾರು ಅವನದ್ದಾದರೆ ಬೇಳೆ ಡಬ್ಬಿ ನೋಡುವುದೂ ಅವನದ್ದು. ಒಂದು ಬುಧವಾರ ಬೇಳೆ ಇಲ್ಲದೆ ನಾವೆಲ್ಲ ಉಪ್ಪಿನಕಾಯಿಯಲ್ಲಿ ಉಂಡೆವು. ಆಮೇಲೆ ಮರೆತಿಲ್ಲ.

ಮೂರನೆಯದು ಹೊಗಳಿಕೆ. ಮಗ ಒಂದು ಉಪ್ಪಿಟ್ಟು ಮಾಡಿದರೆ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅತ್ತೆ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಕೈ ಮುಗಿದ, ಹಾರದ ಚಿತ್ರ ಕಳಿಸಿದರು. ಮಗಳು ನೋಡಿ, "ನಾನು ಎರಡು ವರ್ಷದಿಂದ ಚಪಾತಿ ಲಟ್ಟಿಸ್ತಿದೀನಿ, ನನ್ನ ಫೋಟೋ ಎಲ್ಲಮ್ಮಾ?" ಅಂದಳು. ಅವತ್ತಿಂದ ಇಬ್ಬರಿಗೂ ಒಂದೇ ಮಾತು, "ಚೆನ್ನಾಗಾಗಿದೆ, ಸ್ವಲ್ಪ ಉಪ್ಪು ಮುಂದಾಯ್ತು."

ಇನ್ನು ಅಪ್ಪಂದಿರ ವಿಷಯ. ಅಪ್ಪ ಸೋಫಾದಲ್ಲಿ ಕೂತು "ಮಗನೇ, ಅಮ್ಮನ ಕೆಲಸಕ್ಕೆ ಕೈ ಹಾಕು" ಅಂದರೆ ಯಾವ ಮಗನೂ ಏಳುವುದಿಲ್ಲ, ಎದ್ದರೂ ದೊಡ್ಡವನಾದ ಮೇಲೆ ಅದೇ ಸೋಫಾಕ್ಕೆ ವಾಪಸ್ಸು. ನಮ್ಮನೆಯವರಿಗೆ ಅಡುಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಜಗಳವಾಡಿ ಸಾಕಾಗಿ ಕೊನೆಗೆ ರಾತ್ರಿ ಪಾತ್ರೆ ಅವರಿಗೆ ಅಂತಾಯಿತು. ಭಾನುವಾರದ ಪಾತ್ರೆ ಮಗನಿಗೆ. ಆರು ವರ್ಷದಿಂದ ನಡೆದುಕೊಂಡು ಬಂದಿದೆ.

ಅಳು

ಶಾಲೆಗಳಲ್ಲಿ 10 ವರ್ಷಕ್ಕೆ ಧನುರ್ವಾಯು, ಗಂಟಲುಮಾರಿ ಬಾರದಿರಲಿ ಅಂತ ಟಿ.ಡಿ. ಚುಚ್ಚುಮದ್ದು ಕೊಡುತ್ತಾರೆ, ಮತ್ತೆ 16ಕ್ಕೆ. ಮಗನಿಗೆ ಕೊಡುವ ದಿನ ನಾನೂ ಹೋಗಿದ್ದೆ. ಸಾಲಿನಲ್ಲಿ ಮುಂದಿದ್ದ ಹುಡುಗಿಯೊಬ್ಬಳು ಜೋರಾಗಿ ಅತ್ತಳು, ಯಾರೋ ಚಾಕಲೇಟ್ ಕೊಟ್ಟು ತಲೆ ಸವರಿದರು. ಹಿಂದೆಯೇ ಬಂದ ಹುಡುಗನ ಕಣ್ಣಲ್ಲಿ ನೀರು ಬಂದದ್ದೇ ತಡ, "ಮೀಸೆ ಬರೋ ವಯಸ್ಸಾಯ್ತು, ಅಳ್ತಾನೆ ನೋಡ್ರೋ" ಅಂತ ಇಡೀ ಸಾಲು ನಕ್ಕಿತು. ಸೂಜಿ ಒಂದೇ, ತೋಳೂ ಒಂದೇ ಥರದ್ದು. ನನ್ನ ಮಗ ಇದನ್ನೆಲ್ಲ ನೋಡುತ್ತಾ ನಿಂತಿದ್ದ. ತನ್ನ ಸರದಿಗೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡ.

ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ 100 ಜನರಲ್ಲಿ 70ಕ್ಕಿಂತ ಹೆಚ್ಚು ಗಂಡಸರು ಅನ್ನುವುದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕ. ಕಾರಣ ಸಾಲವಿರಬಹುದು, ಕಾಯಿಲೆಯಿರಬಹುದು, ಸಂಸಾರವಿರಬಹುದು. ಆದರೆ ಬಚ್ಚಲ ಬಾಗಿಲು ಹಾಕಿಕೊಂಡು ಅಳುವುದನ್ನು 10ನೇ ವಯಸ್ಸಿಗೆ ಕಲಿತವನು 40ಕ್ಕೆ ಯಾರ ಹತ್ತಿರ ಬಾಯಿ ಬಿಟ್ಟಾನು?

ಮಾಡಬೇಕಾದದ್ದು ಹೆಚ್ಚೇನಿಲ್ಲ. ಅತ್ತಾಗ ಪಕ್ಕದಲ್ಲಿ ಕೂರಿ. "ಯಾಕೆ, ಏನಾಯ್ತು, ಹೇಳು" ಅಂತ ಎದುರು ನಿಂತು ಕೇಳಿದರೆ ಹುಡುಗರು ಹೇಳುವುದಿಲ್ಲ. ಕಣ್ಣಿಗೆ ಕಣ್ಣು ಸಿಗದ ಹಾಗೆ ಏನಾದರೂ ಕೆಲಸ ಮಾಡುತ್ತಿರುವಾಗ ಹೇಳುತ್ತಾರೆ. ನನ್ನ ಮಗ ಹೆಚ್ಚಿನ ಗುಟ್ಟೆಲ್ಲ ಹೇಳಿರುವುದು ಸ್ಕೂಟಿ ಹಿಂದೆ ಕೂತು, ಕುಂದುವಾಡ ಕೆರೆ ಕಡೆ ಹೋಗುವಾಗ. ಹೆಲ್ಮೆಟ್ಟಿನೊಳಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದಷ್ಟು ಸಾಕು. ಸಿಟ್ಟು, ಬೇಜಾರು, ಹೊಟ್ಟೆಕಿಚ್ಚು, ನಾಚಿಕೆ, ಹೆದರಿಕೆ ಅಂತ ಬೇರೆ ಬೇರೆ ಹೆಸರು ಬಳಸಿ ಮಾತಾಡಿ. ಹುಡುಗರಿಗೆ ನಾವು ಸಿಟ್ಟೊಂದನ್ನೇ ಬಿಟ್ಟುಕೊಟ್ಟಿರುವುದರಿಂದ ಎಲ್ಲವೂ ಸಿಟ್ಟಾಗಿಯೇ ಹೊರಗೆ ಬರುತ್ತದೆ.

ಎರಡು ವಾರಕ್ಕೂ ಹೆಚ್ಚು ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನು ಬಿಟ್ಟು ಒಂಟಿಯಾದರೆ, ಸಾಯುವ ಮಾತು ಒಂದು ಸಲ ಬಾಯಿಗೆ ಬಂದರೂ ತಡ ಮಾಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಆಟ, ಬಣ್ಣ, ಕುಣಿತ

ಇದರ ಬಗ್ಗೆ ಜನ ತುಂಬ ಬರೆಯುತ್ತಾರೆ, ನನಗೆ ಅಷ್ಟು ದೊಡ್ಡದೆನಿಸುವುದಿಲ್ಲ. ಮಗನಿಗೆ ಗೊಂಬೆ ಬೇಕೆಂದರೆ ಕೊಡಿಸಿ, ಬ್ಯಾಟೇ ಬೇಕೆಂದರೆ ಬಲವಂತವಾಗಿ ಗೊಂಬೆ ಹಿಡಿಸಬೇಡಿ. ಕ್ರಿಕೆಟ್ ಹುಚ್ಚಿನ ಹುಡುಗ ಹಾಳಾಗಿಲ್ಲ.

ಒಂದು ವಿಷಯ ಮಾತ್ರ ಹೇಳುತ್ತೇನೆ. ಮಗ 7ನೇ ವಯಸ್ಸಿನಲ್ಲಿ ಅಕ್ಕನ ಜೊತೆ ಉಗುರಿಗೆ ಬಣ್ಣ ಹಚ್ಚಿಕೊಂಡು ಊರಿಗೆ ಬಂದಿದ್ದ. ನಮ್ಮಪ್ಪ ನೋಡಿ ಮುಖ ಸಿಂಡರಿಸಿದರು. ಇದೇ ನಮ್ಮಪ್ಪ ಬಯಲಾಟದ ಹುಚ್ಚಿನವರು. ನಮ್ಮ ಕಡೆ ಬಯಲಾಟದಲ್ಲಿ ಹೆಣ್ಣುಪಾತ್ರ ಕಟ್ಟುತ್ತಿದ್ದವರು ಗಂಡಸರೇ. ಸೀರೆ ಉಟ್ಟು, ಬಳೆ ತೊಟ್ಟು, ಹೆಜ್ಜೆ ಹಾಕಿದವನಿಗೆ ಬೆಳಗಿನ ಜಾವದ ತನಕ ಶಿಳ್ಳೆ ಹೊಡೆದು, ನೋಟು ಚುಚ್ಚಿದವರು ಇವರು. "ಅಪ್ಪಾಜಿ, ದ್ರೌಪದಿ ಪಾತ್ರದವನು ಬಣ್ಣ ಹಚ್ಕಂತಿರಲಿಲ್ವಾ?" ಅಂತ ಕೇಳಿದೆ. "ಅದು ಕಲೆ, ಇದು ಬೇರೆ" ಅಂದರು. ಹೇಗೆ ಬೇರೆ ಅಂತ ಕೇಳಿದ್ದಕ್ಕೆ ಎದ್ದು ದನದ ಕೊಟ್ಟಿಗೆ ಕಡೆ ಹೋದರು. ರಾತ್ರಿ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಆಟದ ಮಾತು ಹೇಳಿಕೊಡುತ್ತಿದ್ದರು.

ಮೈಯ ವಿಷಯ

9–10 ವರ್ಷಕ್ಕೇ ಶುರು ಮಾಡಿ. 14ಕ್ಕೆ ಹೇಳಲು ಹೋದರೆ ಮೊಬೈಲು ಮೊದಲೇ ಹೇಳಿರುತ್ತದೆ, ತಪ್ಪು ತಪ್ಪಾಗಿ.

ದನಿ ಒಡೆಯುವುದು, ಮೊಡವೆ ಇವೆಲ್ಲ ಅವನಿಗೂ ಗೊತ್ತಿರುತ್ತವೆ. ಹೇಳದೆ ಉಳಿಯುವುದು ಎದೆಯ ಗಂಟು. ಹದಿಹರೆಯದ ಬಹಳ ಹುಡುಗರಿಗೆ ಮೊಲೆತೊಟ್ಟಿನ ಹಿಂದೆ ಸಣ್ಣ ಗಂಟು, ಉಬ್ಬು ಬರುತ್ತದೆ. ಹಾರ್ಮೋನಿನ ಏರುಪೇರು, ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಇದು ಗೊತ್ತಿಲ್ಲದ ಹುಡುಗ ಬೇಸಿಗೆಯಲ್ಲೂ ಎರಡೆರಡು ಅಂಗಿ ಹಾಕಿಕೊಂಡು, ಈಜಲು ಹೋಗದೆ, ತಾನು ಗಂಡಸೇ ಅಲ್ಲವೇನೋ ಅಂತ ಒಳಗೇ ಕೊರಗುತ್ತಾನೆ. ಮೊದಲೇ ಹೇಳಿಬಿಡಿ. ನೋವು ಜಾಸ್ತಿಯಾದರೆ, ಗಂಟು ಬೆಳೆಯುತ್ತಲೇ ಹೋದರೆ ಡಾಕ್ಟರಿಗೆ ತೋರಿಸಿ. ನಿದ್ದೆಯಲ್ಲಿ ವೀರ್ಯ ಹೋಗುವುದೂ ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ ಅನ್ನುವುದನ್ನು ಅಪ್ಪನೋ ಮಾವನೋ ಹೇಳಲಿ. ಇಲ್ಲದಿದ್ದರೆ ಬಸ್ ಸ್ಟ್ಯಾಂಡ್ ಗೋಡೆಯ ಗುಪ್ತರೋಗದ ಜಾಹೀರಾತು ಹೇಳುತ್ತದೆ. ನಿಮ್ಮ ಬಾಯಿಂದ ಬಾರದಿದ್ದರೆ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ವಿಚಾರಿಸಿ.

ಮುಟ್ಟಿನ ವಿಷಯವನ್ನೂ ಮಗನಿಗೆ ಹೇಳಿ. ನಮ್ಮ ಮನೆಯಲ್ಲಿ ಹೇಳಿದ್ದು ಅವನ 10ನೇ ವರ್ಷದಲ್ಲಿ, ಎರಡು ನಿಮಿಷದಲ್ಲಿ. ಒಮ್ಮೆ ಪ್ಯಾಡ್ ತರಲು ಮೆಡಿಕಲ್ ಶಾಪಿಗೆ ಕಳಿಸಿದೆ. ವಾಪಸ್ಸು ಬಂದವನ ಕೈಯಲ್ಲಿ ಪೇಪರ್ ಸುತ್ತಿ, ಮೇಲೆ ಕಪ್ಪು ಕವರ್ ಹಾಕಿದ ಪೊಟ್ಟಣ. "ಬ್ರೆಡ್ಡಿಗೆ ಸುತ್ತಲ್ಲ, ಇದಕ್ಯಾಕಮ್ಮ ಸುತ್ತಿದ್ರು? ಕಳ್ಳ ಮಾಲಾ?" ಅಂದ. ಅದಾದ ಮೇಲೆ ಅಂಗಡಿಯವರಿಗೆ "ಸುತ್ತಬೇಡ್ರಿ ಅಂಕಲ್, ಹಂಗೇ ಕೊಡ್ರಿ" ಅನ್ನುತ್ತಾನಂತೆ.

ಇನ್ನೊಂದು. ಗಂಡುಮಕ್ಕಳ ಮೈಮೇಲೆ ಯಾರೂ ಕೈ ಹಾಕುವುದಿಲ್ಲ ಅಂದುಕೊಂಡಿರಬೇಡಿ. 2012ರ ಪೋಕ್ಸೋ ಕಾಯಿದೆ 18ರೊಳಗಿನ ಗಂಡುಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆ. ಹುಡುಗ ಬಂದು ಹೇಳಿದರೆ "ನೀನ್ಯಾಕೆ ಬಿಟ್ಟೆ, ಎರಡು ಬಾರಿಸಬೇಕಿತ್ತು" ಅನ್ನಬೇಡಿ. ಹಾಗಂದರೆ ಮತ್ತೆ ಬಾಯಿ ಬಿಡುವುದಿಲ್ಲ. ನಂಬಿ, ಹೇಳಿದ್ದು ಒಳ್ಳೆಯದಾಯಿತು ಅನ್ನಿ. ಮಕ್ಕಳ ಸಹಾಯವಾಣಿ 1098.

ನೆಂಟರು

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮನೆ ತುಂಬ ನೆಂಟರು, ಒಂದು ಪಂಕ್ತಿ ಎದ್ದರೆ ಇನ್ನೊಂದು. ಮೊದಲು ಗಂಡಸರು ಮಕ್ಕಳು, ಕೊನೆಗೆ ರೊಟ್ಟಿ ಬಡಿದವರು. ಅಷ್ಟೊತ್ತಿಗೆ ಸಾರು ತಳ ಕಂಡಿರುತ್ತದೆ. ಇದನ್ನು ಜಾತ್ರೆಯ ದಿನ ಬಾಯಿಮಾತಲ್ಲಿ ಸರಿ ಮಾಡುತ್ತೇನೆ ಅಂತ ಹೋಗಬೇಡಿ. ನಾನು ಒಮ್ಮೆ ಹೋಗಿ ಹಬ್ಬವನ್ನೇ ಕೆಡಿಸಿದ್ದೆ. ಮುಂದಿನ ಜಾತ್ರೆಗೆ ಮಗನಿಗೂ ಅವನ ಅಣ್ಣತಮ್ಮಂದಿರಿಗೂ ಬಡಿಸುವ ಕೆಲಸ ಕೊಟ್ಟೆವು. ಬಡಿಸುವವರು ಕೊನೆಗೆ ಉಣ್ಣಬೇಕು, ಅಷ್ಟೇ ನಿಯಮ. ಹುಡುಗರಿಗೆ ಹಸಿವು ಗೊತ್ತಾಯಿತು. ಮೂರನೇ ಪಂಕ್ತಿಗೆ ನಮ್ಮ ಭಾವನ ಮಗನೇ ಒಂದು ಪಾತ್ರೆ ಸಾರು ತೆಗೆದು ಕಪಾಟಿನ ಮೇಲೆ ಬಚ್ಚಿಟ್ಟ, "ಅತ್ತೆಯೋರಿಗೆ ಬೇಕಲ್ಲ" ಅಂತ.

ಮನೆಯ ಹಿರಿಯರಿಗೆ ಎದುರು ವಾದ ಬೇಡ, ಬೇರೆ ದಾರಿ ಇದೆ. ನಮ್ಮತ್ತೆ "ಗಂಡು ಹುಡುಗನ ಕೈಲಿ ಮುಸುರೆ ತಿಕ್ಕಿಸ್ತಾಳೆ" ಅಂತ ನೆರೆಯವರ ಹತ್ತಿರ ಹೇಳಿಕೊಂಡಿದ್ದರು. ನಾನು ಏನೂ ಅನ್ನಲಿಲ್ಲ. ಅವರಿಗೆ ಮಂಡಿ ಆಪರೇಷನ್ ಆಗಿ ಮಲಗಿದಾಗ ಎಣ್ಣೆ ಹಚ್ಚಿದ್ದು, ಗಂಜಿ ಕಾಸಿದ್ದು, ಜಡೆ ಹೆಣೆದದ್ದು ಆ ಮೊಮ್ಮಗನೇ. ಜಡೆ ಸೊಟ್ಟಗಿತ್ತು. ಈಗ ಅದೇ ನೆರೆಯವರಿಗೆ ಬೇರೆ ಕಥೆ ಹೇಳುತ್ತಾರೆ.

ಹೊರಗೆ ಯಾರಾದರೂ ಆಡಿಕೊಂಡರೆ

ಬೆಲೆ ತೆರುವವನು ಹುಡುಗ, ನಾವಲ್ಲ. ಇದನ್ನು ಮರೆಯಬಾರದು. ಮಗ 6ನೇ ಕ್ಲಾಸಿನಲ್ಲಿ ರಂಗೋಲಿ ಸ್ಪರ್ಧೆಗೆ ಹೆಸರು ಕೊಟ್ಟ. ಶಾಲೆಯಲ್ಲಿ ಒಬ್ಬರು "ಹುಡುಗೀರ ಸಾಲಲ್ಲಿ ಕೂತ್ಕೋ ಹಾಗಾದ್ರೆ" ಅಂದರಂತೆ. ಆ ಮಾತು ಹಿಡಿದು ಹುಡುಗರು ಒಂದು ತಿಂಗಳು "ಹೆಣ್ಣಿಗ" ಅಂತ ಕೂಗಿದರು. "ತಲೆಗೆ ಹಚ್ಕಬೇಡ" ಅಂತ ಸಾಗಹಾಕಿದೆ, ತಪ್ಪು ಮಾಡಿದೆ. ಅವನಿಗೆ ಬೇಕಿದ್ದದ್ದು ಉತ್ತರ. ಆಮೇಲೆ ಕೂತು ಮಾತಾಡಿ ಎರಡು ಸಾಲು ತಯಾರು ಮಾಡಿದೆವು: "ಹೂಂ, ನಂಗೆ ಬರುತ್ತೆ, ನಿಂಗೆ ಬರಲ್ಲ" ಮತ್ತು "ಅದು ಬೈಗುಳ ಯಾಕೋ? ನಿಮ್ಮಮ್ಮ ಹೆಣ್ಣಲ್ವಾ?" ಎರಡನೆಯದು ಜಗಳಕ್ಕೆ ಕಾರಣವಾಗಬಹುದು, ನೋಡಿಕೊಂಡು ಬಳಸಲಿ. ಜೊತೆಗೆ ನಾನೂ ಶಾಲೆಗೆ ಹೋಗಿ ಕ್ಲಾಸ್ ಟೀಚರ್ ಹತ್ತಿರ ಸಮಾಧಾನವಾಗಿ ಮಾತಾಡಿದೆ. ಕೂಗಾಟ ನಿಂತಿತು. ರಂಗೋಲಿಗೆ ಮಾತ್ರ ಅವನು ಮತ್ತೆ ಹೆಸರು ಕೊಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಅವನು ಇನ್ನೊಬ್ಬ ಹುಡುಗನಿಗೆ ಅದೇ ಮಾತು ಅಂದಾಗ ಸುಮ್ಮನಿರಬೇಡಿ. ಅನ್ನುತ್ತಾರೆ, ಅನ್ನಿಸಿಕೊಂಡವರೇ ಮೊದಲು ಅನ್ನುತ್ತಾರೆ.

ಹೇಳುವ ಕಥೆ

ನಮ್ಮ ಜಿಲ್ಲೆಗಳಲ್ಲಿ ಭಾಷಣ ಶುರುವಾಗುವುದೇ "ಗಂಡುಮೆಟ್ಟಿದ ನಾಡು" ಅಂತ. ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದರೆ ಓಬವ್ವನ ಕಿಂಡಿಯ ಹತ್ತಿರ ನಿಂತು "ಗಂಡೆದೆಯ ಹೆಣ್ಣು" ಅನ್ನುತ್ತೇವೆ. ಧೈರ್ಯ ಗಂಡಿನದ್ದು, ಅವಳು ಸಾಲ ಪಡೆದಳು ಅನ್ನುವ ಹಾಗೆ. ಒನಕೆ ಭತ್ತ ಕುಟ್ಟುವ ಸಾಮಾನು, ದಿನಾ ಕುಟ್ಟಿದ ತೋಳದು. ಕಥೆ ಹಾಗೆ ಹೇಳಿ ನೋಡಿ.

ಹೋದ ದಸರಾ ರಜೆಯಲ್ಲಿ ನಾನು ಅಲ್ಲಿ ನಿಂತು ಚೆನ್ನಾಗಿಯೇ ಹೇಳಿದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ಕಾವಲಿನ ಗಂಡ ಊಟಕ್ಕೆ ಬಂದದ್ದು, ಅವನಿಗೆ ನೀರು ತರಲು ಓಬವ್ವ ಹೊಂಡಕ್ಕೆ ಹೋಗಿ ಸದ್ದು ಕೇಳಿಸಿಕೊಂಡದ್ದು. ಮಗ ಕಿಂಡಿಯೊಳಗೆ ಬಗ್ಗಿ ನೋಡಿ ಎದ್ದು, "ಅಮ್ಮಾ, ಅವನ ನೀರು ಅವನೇ ತಂದ್ಕಂಡಿದ್ರೆ ಅವತ್ತು ಕೋಟೆ ಹೋಗ್ತಿತ್ತಲ್ಲ!" ಅಂದ. ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮನೆಯವರು ಮಾತ್ರ ಮೆಟ್ಟಿಲಿಳಿಯುತ್ತಾ, "ಲೇ, ಆ ನೆಪ ಹೇಳಿ ಇವತ್ತಿನ ಪಾತ್ರೆ ತಪ್ಪಿಸ್ಕಬೇಡ. ಭಾನುವಾರ ಐತೆ" ಅಂದರು.